ಕನ್ನಡದ ಬೆರಳಿಗೆ ಹೊಂದುವ ಹೀಬ್ರೂ ಕೀಬೋರ್ಡ್

ಬದಿಯಡ್ಕದಂಥ ಊರಿನ ಡಿಟಿಪಿ ಅಂಗಡಿಗೆ ಎಂಥ ಕೆಲಸ ಬರುತ್ತದೆ ಅಂತ ಯಾರಿಗೂ ಗೊತ್ತು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಬಯಲಾಟದ ಹ್ಯಾಂಡ್‌ಬಿಲ್, ಪಂಚಾಯತಿಗೆ ಕೊಡುವ ಅರ್ಜಿ. ಕಾಸರಗೋಡು ಜಿಲ್ಲೆಯಾದ್ದರಿಂದ ಅರ್ಜಿಗಳಲ್ಲಿ ಅರ್ಧ ಕನ್ನಡ, ಅರ್ಧ ಮಲಯಾಳ. ಎರಡು ಲಿಪಿಯ ನಡುವೆ ಓಡಾಡುವುದು ನನ್ನ ಬೆರಳಿಗೆ ಹೊಸದಲ್ಲ. ಆದರೆ ಮಂಜೇಶ್ವರ ಕಡೆಯ ಒಬ್ಬರು ಪಾಸ್ಟರ್ ಒಂದು ದಪ್ಪ ಫೈಲು ಹಿಡಿದುಕೊಂಡು ಬಂದು, "ಭಟ್ರೇ, ಇದರಲ್ಲಿ ಸ್ವಲ್ಪ ಹೀಬ್ರೂ ಉಂಟು, ಆಗ್ತದಾ?" ಅಂತ ಕೇಳಿದಾಗ ಫೈಲು ಬಿಚ್ಚಿ ನೋಡಿಯೇ ಉತ್ತರ ಕೊಡಬೇಕಾಯಿತು. ಸ್ವಲ್ಪ ಅಂದದ್ದು ಸುಮ್ನೆ. ಪುಟಕ್ಕೆ ಹತ್ತಾರು ಪದ ಇತ್ತು.

ಅದು ಅವರ ದೇವಶಾಸ್ತ್ರದ ಪ್ರಬಂಧ. ವಿಷಯ 119ನೇ ಕೀರ್ತನೆ. ಬೈಬಲ್ಲಿನಲ್ಲಿ ಎಲ್ಲಕ್ಕಿಂತ ಉದ್ದದ ಅಧ್ಯಾಯ ಅದೇ, ಒಟ್ಟು 176 ವಚನ. ಹೀಬ್ರೂವಿನಲ್ಲಿ ಅಕ್ಷರಗಳು 22. ಒಂದೊಂದು ಅಕ್ಷರಕ್ಕೆ ಎಂಟೆಂಟು ವಚನ, ಆ ಎಂಟೂ ಅದೇ ಅಕ್ಷರದಿಂದ ಶುರುವಾಗುತ್ತವೆ. ನಮ್ಮಲ್ಲಿ ಅಕ್ಷರಮಾಲೆಯ ಕ್ರಮದಲ್ಲಿ ಪದ್ಯ ಕಟ್ಟುತ್ತಾರಲ್ವಾ, ಹಾಗೇ. ದೇವರ ನಿಯಮ ಅನ್ನುವುದಕ್ಕೆ ಆ ಕೀರ್ತನೆಯಲ್ಲಿ ಎಂಟು ಬೇರೆ ಬೇರೆ ಪದ ಮತ್ತೆ ಮತ್ತೆ ಬರುತ್ತವಂತೆ: ತೋರಾ, ಎದೂತ್, ಪಿಕ್ಕೂದೀಮ್, ಹುಕ್ಕೀಮ್, ಮಿತ್ಸ್ವೋತ್, ಮಿಶ್ಪಾತೀಮ್, ದಾವಾರ್, ಇಮ್ರಾ. ಪ್ರಬಂಧ ಇಡೀ ಈ ಎಂಟರ ಸುತ್ತ. ಪಾಸ್ಟರು ಹೀಬ್ರೂ ಪದವನ್ನು ಕೈಯಲ್ಲಿ ಬರೆದು, ಪಕ್ಕದಲ್ಲಿ ಕನ್ನಡದಲ್ಲಿ ಉಚ್ಚಾರ ಬರೆದು, ಅದರ ಪಕ್ಕ ಇಂಗ್ಲಿಷ್ ಅಕ್ಷರದಲ್ಲಿ ಚುಕ್ಕಿ, ಗೆರೆ ಹಾಕಿದ ರೂಪವನ್ನೂ ಕೊಟ್ಟಿದ್ದರು.

ಇಂಟರ್ನೆಟ್ಟಿನಿಂದ ಕಾಪಿ ಮಾಡಿ ಅಂಟಿಸಿದರೆ ಆಗುವುದಿಲ್ಲವಾ ಅಂತ ನನಗೂ ಮೊದಲು ಅನ್ನಿಸಿತ್ತು. ಇಡೀ ವಚನವಾದರೆ ಆಗುತ್ತದೆ. ಆದರೆ ಅಲ್ಲಿಂದ ತಂದ ಪಠ್ಯದಲ್ಲಿ ಅಕ್ಷರ, ಸ್ವರಚಿಹ್ನೆ ಮಾತ್ರವಲ್ಲ, ಪಠಣಕ್ಕೆ ಬೇಕಾದ ರಾಗದ ಗುರುತುಗಳೂ ಮೇಲೆ ಕೆಳಗೆ ಅಂಟಿಕೊಂಡು ಬರುತ್ತವೆ. ಅವನ್ನು ಒಂದೊಂದಾಗಿ ಕೀಳಬೇಕು. ಮೇಲಾಗಿ ಪ್ರಬಂಧದಲ್ಲಿ ಧಾತು, ಪ್ರತ್ಯಯ, ಪದದ ತುಂಡು ಅಂತ ಮೂಲದಲ್ಲಿ ಆ ರೂಪದಲ್ಲಿ ಎಲ್ಲೂ ಇಲ್ಲದ ತುಣುಕುಗಳೇ ಜಾಸ್ತಿ. ಟೈಪ್ ಮಾಡುವುದೇ ದಾರಿ.

ವಿಂಡೋಸ್‌ನಲ್ಲಿ ಹೀಬ್ರೂ ಸೇರಿಸುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿದರೆ ಕೀಬೋರ್ಡ್ ತಾನಾಗಿ ಬರುತ್ತದೆ. ಅದು ಇಸ್ರೇಲಿನಲ್ಲಿ ಬಳಸುವ ವಿನ್ಯಾಸ. ಅಲ್ಲಿ ಶಿನ್ ಇರುವುದು ಎ ಕೀಯಲ್ಲಿ. ಆಲೆಫ್ ಟಿಯಲ್ಲಿ, ಬೇತ್ ಸಿಯಲ್ಲಿ, ದಾಲೆತ್ ಎಸ್‌ನಲ್ಲಿ. ತಾವ್ ಇರುವುದು ಕಾಮಾ ಕೀಯಲ್ಲಿ! ಸದ್ದು ಕೂಡಿ ಬರುವುದು ಮೂರೇ ಕಡೆ: ಝಡ್‌ನಲ್ಲಿ ಝಯಿನ್, ಆರ್‌ನಲ್ಲಿ ರೇಶ್, ಪಿಯಲ್ಲಿ ಪೇ. ಅಲ್ಲಿನವರು ಸಣ್ಣಂದಿನಿಂದ ಅದರಲ್ಲೇ ಬೆಳೆದವರು, ಅವರಿಗೆ ಅದು ಸರಿ. ಹೀಬ್ರೂ ಓದಲು ಬಾರದ ನನಗೆ ಅದು ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ದಾಲೆತ್ ಮತ್ತು ರೇಶ್ ನೋಡಲು ಹೆಚ್ಚುಕಡಿಮೆ ಒಂದೇ. ಬೇತ್ ಮತ್ತು ಕಾಫ್ ಕೂಡ, ಹೇ ಮತ್ತು ಹೇತ್ ಕೂಡ. ಆಕಾರ ನೋಡಿಕೊಂಡು ಟೈಪ್ ಮಾಡಲು ಹೊರಟರೆ ತಪ್ಪು ಖಂಡಿತ. ನನಗೆ ಕೈಗೆ ಸಿಗುವುದು ಸದ್ದು ಮಾತ್ರ. ಪಾಸ್ಟರು ಕನ್ನಡದಲ್ಲಿ ಬರೆದುಕೊಟ್ಟ ಉಚ್ಚಾರ ಓದಿಕೊಂಡು ಹೊಡೆಯುವ ಹಾಗಿರಬೇಕು.

ಸದ್ದು ಹಿಡಿದು ಟೈಪ್ ಮಾಡುವ ಅಭ್ಯಾಸ ನನಗೆ ಬಂದದ್ದು ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಿಂದ. ಅವರು ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ನುಡಿ ತಂತ್ರಾಂಶದಲ್ಲಿ ಇರುವುದೂ ಆ ವಿನ್ಯಾಸವೇ. ಕೆ ಒತ್ತಿದರೆ ಕ, ಶಿಫ್ಟ್ ಕೆ ಒತ್ತಿದರೆ ಖ. ಒತ್ತಕ್ಷರ ಬೇಕಾದರೆ ನಡುವೆ ಎಫ್. ಟ ಕ್ಯೂನಲ್ಲಿ, ಡ ಡಬ್ಲ್ಯೂನಲ್ಲಿ, ಷ ಎಕ್ಸ್‌ನಲ್ಲಿ. ಇಷ್ಟು ವರ್ಷ ಹೊಡೆದ ಮೇಲೆ ಈಗ ಯೋಚನೆಯೇ ಬೇಡ, ಬೆರಳು ತಾನಾಗಿ ಹೋಗುತ್ತದೆ. ಹಾಗಾದರೆ ಹೀಬ್ರೂವನ್ನೂ ಇದೇ ಬೆರಳಿಗೆ ಹೊಂದಿಸಿದರೆ ಆಗದಾ?

ಅದಕ್ಕೆ ಬೇಕಾದ್ದು ಮೈಕ್ರೋಸಾಫ್ಟ್‌ನ ಕೀಬೋರ್ಡ್ ಲೇಔಟ್ ಕ್ರಿಯೇಟರ್. ಪುಕ್ಕಟೆ ಸಿಗುತ್ತದೆ, ಹಳೆಯದು, ನೋಡಲು ಚಂದವೇನಿಲ್ಲ. ಹೊಸ ವಿಂಡೋಸ್‌ನಲ್ಲಿ ಹಾಕಬೇಕಾದರೆ ಡಾಟ್‌ನೆಟ್ 3.5 ಮೊದಲು ಆನ್ ಮಾಡಿಕೊಳ್ಳಬೇಕು. ತೆರೆದರೆ ಪರದೆ ಮೇಲೆ ಒಂದು ಖಾಲಿ ಕೀಬೋರ್ಡ್ ಕಾಣುತ್ತದೆ. ಯಾವ ಕೀಗೆ ಏನು ಬರಬೇಕೋ ಅದರ ಮೇಲೆ ಕ್ಲಿಕ್ ಮಾಡಿ ಅಕ್ಷರವನ್ನೋ ಅದರ ಯೂನಿಕೋಡ್ ಸಂಖ್ಯೆಯನ್ನೋ ಕೊಟ್ಟರಾಯಿತು. ಯೂನಿಕೋಡ್ ಅಂದರೆ ಬೇರೆ ಬೇರೆ ಲಿಪಿಗಳ ಅಕ್ಷರಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟ ಪಟ್ಟಿ. ಶಿಫ್ಟ್ ಒತ್ತಿದಾಗ ಬೇರೆ, ಬಲಗಡೆಯ ಆಲ್ಟ್ ಒತ್ತಿದಾಗ ಬೇರೆ ಅಂತ ಪದರ ಪದರವಾಗಿ ತುಂಬಬಹುದು. ಪ್ರಾಜೆಕ್ಟಿನ ಹೆಸರು ಎಂಟು ಅಕ್ಷರ ದಾಟಬಾರದು. ಅದಕ್ಕಿಂತ ಮುಖ್ಯ, ಪ್ರಾಪರ್ಟೀಸ್‌ನಲ್ಲಿ ಭಾಷೆ ಹೀಬ್ರೂ ಅಂತಲೇ ಆರಿಸಬೇಕು. ಇಂಗ್ಲಿಷ್ ಅಂತ ಬಿಟ್ಟರೂ ಅಕ್ಷರ ಮೂಡುತ್ತದೆ, ಆದರೆ ವರ್ಡ್ ಪ್ರೋಸೆಸರ್ ಅದನ್ನು ಇಂಗ್ಲಿಷ್ ಅಂತಲೇ ತಿಳಿದುಕೊಳ್ಳುತ್ತದೆ. ಫಾಂಟು, ದಿಕ್ಕು ಎಲ್ಲ ಅಲ್ಲಿಂದ ಹಾಳು.

ಸುಲಭದವನ್ನು ಮೊದಲು ಕೂರಿಸಿದೆ. ಬೇತ್ ಬಿಗೆ, ಗಿಮೆಲ್ ಜಿಗೆ, ದಾಲೆತ್ ಡಿಗೆ, ಲಾಮೆದ್ ಎಲ್‌ಗೆ. ಹೀಬ್ರೂವಿನಲ್ಲಿ ಐದು ಅಕ್ಷರಕ್ಕೆ ಪದದ ಕೊನೆಯಲ್ಲಿ ಬಂದಾಗ ಬೇರೆ ಆಕಾರ ಇದೆ: ಕಾಫ್, ಮೇಮ್, ನೂನ್, ಪೇ, ತ್ಸಾದೆ. ಅವು ಅದೇ ಕೀಯ ಶಿಫ್ಟಿಗೆ ಹೋದವು. ಕಂಪ್ಯೂಟರು ಪದ ಮುಗಿದದ್ದು ನೋಡಿ ತಾನೇ ಆಕಾರ ಬದಲಿಸುವುದಿಲ್ಲ. ಅವು ಯೂನಿಕೋಡಿನಲ್ಲಿ ಪ್ರತ್ಯೇಕ ಅಕ್ಷರಗಳೇ, ನಾವೇ ಹೊಡೆಯಬೇಕು. ತ್ಸಾದೆಗೆ ಸಿ ಕೊಟ್ಟೆ. ಹೇತ್‌ಗೆ ಶಿಫ್ಟ್ ಎಚ್. ಕನ್ನಡದಲ್ಲಿ ಆ ಸದ್ದಿಗೆ ಅಕ್ಷರವಿಲ್ಲ. ಪಾಸ್ಟರು ಹ ಬರೆದು ಅಡಿಗೆರೆ ಎಳೆದಿದ್ದರು. ಅಡಿಗೆರೆ ಕಂಡಲ್ಲಿ ಶಿಫ್ಟ್ ಅಂತ ನಾನು ಇಟ್ಟುಕೊಂಡೆ. ಆಲೆಫ್ ಮತ್ತು ಆಯಿನ್‌ಗೆ ಸ್ವಂತ ಸದ್ದು ನಮ್ಮ ಕಿವಿಗೆ ಕೇಳುವಂಥದ್ದಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಂದಕ್ಕೆ ಬಲಕ್ಕೆ ಬಾಗಿದ ಸಣ್ಣ ಗುರುತು, ಇನ್ನೊಂದಕ್ಕೆ ಎಡಕ್ಕೆ ಬಾಗಿದ ಗುರುತು ಹಾಕುತ್ತಾರೆ. ನೋಡಲು ಕೊಟೇಶನ್ ಗುರುತಿನ ಹಾಗೆಯೇ. ಹಾಗಾಗಿ ಆಲೆಫ್ ಕೊಟೇಶನ್ ಕೀಗೆ, ಆಯಿನ್ ಒಂದು ಅಂಕೆಯ ಎಡಕ್ಕಿರುವ ಕೀಗೆ.

ಜಗಳ ಬಂದದ್ದು ಕ್ಯೂಗೆ. ಕೋಫ್ ಅನ್ನುವ ಅಕ್ಷರ ಅಲ್ಲೇ ಇರಬೇಕು ಅಂತ ಪಾಸ್ಟರು. ಇಂಗ್ಲಿಷ್ ಪುಸ್ತಕಗಳಲ್ಲಿ ಕೋಫ್‌ಗೆ ಕ್ಯೂ ಅಂತಲೇ ಬರೆಯುತ್ತಾರೆ, ಕ್ಯೂ ಹುಟ್ಟಿದ್ದೇ ಕೋಫ್‌ನ ವಂಶದಲ್ಲಿ ಅಂದರು. ಅದು ನಿಜ. ಆದರೆ ನನ್ನ ಬೆರಳಿಗೆ ಕ್ಯೂ ಅಂದರೆ ಟ. ಹೀಬ್ರೂವಿನಲ್ಲಿ ತಾವ್ ಅಲ್ಲದೆ ತೇತ್ ಅಂತ ಇನ್ನೊಂದು ಗಟ್ಟಿ ತಕಾರ ಇದೆ. ಅದನ್ನು ಇಂಗ್ಲಿಷಿನಲ್ಲಿ ಕೆಳಗೆ ಚುಕ್ಕಿ ಇಟ್ಟು ಬರೆಯುತ್ತಾರೆ, ನಮ್ಮ ಟಕಾರಕ್ಕೆ ಇಡುವ ಹಾಗೆಯೇ. ಚುಕ್ಕಿ ಕಂಡ ಕೂಡಲೇ ನನ್ನ ಕಿರುಬೆರಳು ಕ್ಯೂಗೆ ಹೋಗುತ್ತದೆ. ತಡೆದು ನಿಲ್ಲಿಸಿ ಬೇರೆ ಕಡೆ ಕಳಿಸುವುದು ಯಾರಿಂದ ಸಾಧ್ಯ? ಕೊನೆಗೆ ಅವರೇ, "ಆಯ್ತು ಮಾರಾಯ್ರೆ, ಹೊಡೆಯುವವರು ನೀವು, ಓದುವವ ನಾನು" ಅಂದರು. ತೇತ್ ಕ್ಯೂನಲ್ಲಿ ಉಳಿಯಿತು. ಕೋಫ್ ಅದರ ಶಿಫ್ಟಿಗೆ ಹೋಯಿತು. ಪಿಕ್ಕೂದೀಮ್, ಹುಕ್ಕೀಮ್ ಎರಡರಲ್ಲೂ ಕೋಫ್ ಇರುವುದರಿಂದ ಈ ಶಿಫ್ಟು ತುಂಬ ಸಲ ಒತ್ತಬೇಕಾಯಿತು ಅನ್ನುವುದು ಬೇರೆ ಮಾತು.

ಇನ್ನು ಸ್ವರಚಿಹ್ನೆಗಳು. ಹೀಬ್ರೂವಿನ ಅಕ್ಷರಗಳು ವ್ಯಂಜನಗಳು, ಸ್ವರವನ್ನು ಮೇಲೆ, ಕೆಳಗೆ, ಒಳಗೆ ಚುಕ್ಕಿ ಗೆರೆ ಇಟ್ಟು ತೋರಿಸುತ್ತಾರೆ. ನಿಕ್ಕುದ್ ಅಂತ ಹೆಸರು. ಪೇಪರು, ಪುಸ್ತಕಗಳಲ್ಲಿ ಅದು ಹೆಚ್ಚಾಗಿ ಇರುವುದಿಲ್ಲ, ಬೈಬಲ್ಲಿನ ಪಾಠಕ್ಕೆ ಬೇಕೇ ಬೇಕು. ಇಸ್ರೇಲಿ ವಿನ್ಯಾಸದಲ್ಲಿ ಅವು ಒಳಪದರದಲ್ಲಿ ಅಡಗಿ ಕೂತಿರುತ್ತವೆ. ಅಲ್ಲಿ ದಿನಬಳಕೆಗೆ ಬೇಡದ್ದರಿಂದ ಅದು ಸಹಜ. ನನಗೆ ಅಕ್ಷರದಷ್ಟೇ ಸ್ವರವೂ ಬೇಕು. ಹಾಗಾಗಿ ಎ ಕೀಗೆ ಪತಹ್, ಶಿಫ್ಟ್ ಎಗೆ ಕಾಮತ್ಸ್, ಐಗೆ ಹಿರಿಕ್, ಇಗೆ ಸೆಗೋಲ್, ಶಿಫ್ಟ್ ಇಗೆ ತ್ಸೇರೆ, ಓಗೆ ಹೋಲಮ್, ಯುಗೆ ಕುಬ್ಬುತ್ಸ್. ಅ ಆ ಇ ಎ ಏ ಒ ಉ ಅಂತ ಕನ್ನಡ ಹೊಡೆದ ಹಾಗೆ.

ಶೆವಾ ಅಂತ ಒಂದಿದೆ. ಅಕ್ಷರದ ಕೆಳಗೆ ಒಂದರ ಕೆಳಗೊಂದು ಎರಡು ಚುಕ್ಕಿ. ಬಹಳ ಕಡೆ ಅದರ ಕೆಲಸ ಇಲ್ಲಿ ಸ್ವರವಿಲ್ಲ ಅಂತ ಹೇಳುವುದು. ಕೆಲವು ಕಡೆ ಅರೆಬರೆ ಎಕಾರದ ಸದ್ದೂ ಬರುತ್ತದಂತೆ, ಅದು ಪಾಸ್ಟರಿಗೆ ಬಿಟ್ಟ ವಿಷಯ. ಸ್ವರವಿಲ್ಲದ ವ್ಯಂಜನ ಅಂದರೆ ನನಗೆ ಎಫ್. ಶೆವಾವನ್ನು ಎಫ್‌ಗೆ ಹಾಕಿದೆ. ಆಮೇಲೆ ಕೀರ್ತನೆಯ ಮೊದಲ ಪದ ಹೊಡೆದು ನೋಡಿದೆ. ಅಶ್ರೇ. ಧನ್ಯರು ಅಂತ ಅರ್ಥ. ಕನ್ನಡದಲ್ಲಿ ಅಶ್ರೇ ಅಂತ ಹೊಡೆಯಬೇಕಾದರೆ ಎ, ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಇ. ನನ್ನ ಹೀಬ್ರೂ ಲೇಔಟಿನಲ್ಲೂ ಅದೇ, ಎ, ಶಿಫ್ಟ್ ಎಸ್, ಎಫ್, ಆರ್, ಶಿಫ್ಟ್ ಇ. ಮೊದಲಲ್ಲಿ ಒಂದು ಆಲೆಫ್, ಕೊನೆಯಲ್ಲಿ ಒಂದು ಯೋದ್ ಸೇರಿಸಿದರೆ ಮುಗಿಯಿತು. ಪರದೆ ಮೇಲೆ ಬಲದಿಂದ ಎಡಕ್ಕೆ ಚೌಕ ಚೌಕ ಅಕ್ಷರಗಳು ಸಾಲಾಗಿ ಬಂದವು, ಬೆರಳು ಮಾತ್ರ ಕನ್ನಡವನ್ನೇ ಹೊಡೆಯುತ್ತಿತ್ತು. ಆ ದಿನ ಅಂಗಡಿಯಲ್ಲಿ ಅರ್ಜಿಗೆ ಕಾದು ಕೂತವರಿಗೂ ಕರೆದು ತೋರಿಸಿದೆ. ಅವರಿಗೆ ಎಂತ ಅರ್ಥವಾಯಿತೋ ಗೊತ್ತಿಲ್ಲ.

ಶಿಫ್ಟ್ ಎಸ್ ಬಗ್ಗೆ ಒಂದು ಮಾತು. ಶಿನ್ ಅನ್ನುವ ಅಕ್ಷರ ಮೂರು ಕೊಂಬಿನದ್ದು. ಬಲಗೊಂಬಿನ ಮೇಲೆ ಚುಕ್ಕಿ ಇದ್ದರೆ ಶ, ಎಡಗೊಂಬಿನ ಮೇಲಿದ್ದರೆ ಸ. ಯೂನಿಕೋಡಿನಲ್ಲಿ ಅಕ್ಷರ ಒಂದು, ಚುಕ್ಕಿ ಇನ್ನೊಂದು. ಪ್ರತಿ ಸಲ ಎರಡು ಕೀ ಹೊಡೆಯುವುದು ಯಾಕೆ? ಲೇಔಟ್ ಕ್ರಿಯೇಟರಿನಲ್ಲಿ ಒಂದು ಕೀಗೆ ನಾಲ್ಕು ಸಂಕೇತದವರೆಗೆ ತುಂಬಬಹುದು. ಶಿಫ್ಟ್ ಎಸ್‌ಗೆ ಶಿನ್ ಮತ್ತು ಬಲಚುಕ್ಕಿ ಒಟ್ಟಿಗೆ ಹಾಕಿದೆ. ಎಕ್ಸ್‌ಗೆ ಶಿನ್ ಮತ್ತು ಎಡಚುಕ್ಕಿ. ಬರೀ ಎಸ್ ಸಾಮೆಖ್‌ಗೆ. ಚುಕ್ಕಿಯೇ ಇಲ್ಲದ ಶಿನ್ ಬಲಗಡೆಯ ಆಲ್ಟಿನ ಪದರದಲ್ಲಿದೆ, ಧಾತು ಬರೆಯುವಾಗ ಬೇಕಾಗುತ್ತದೆ.

ಉಳಿದದ್ದು ದಾಗೇಶ್, ಅಕ್ಷರದ ಹೊಟ್ಟೆಯೊಳಗೆ ಕೂರುವ ಚುಕ್ಕಿ. ಬೇತ್‌ಗೆ ಅದು ಬಂದರೆ ಬ, ಇಲ್ಲದಿದ್ದರೆ ವ. ಕೆಲವು ಕಡೆ ಅಕ್ಷರ ಇಮ್ಮಡಿಯಾಗಿದೆ ಅಂತಲೂ ಅದೇ ಹೇಳುತ್ತದೆ. ಪಿಕ್ಕೂದೀಮ್‌ನಲ್ಲಿ ಎರಡು ಕಕಾರ ಕೇಳುತ್ತದಲ್ವಾ, ಬರವಣಿಗೆಯಲ್ಲಿ ಒಂದೇ ಕೋಫ್, ಒಳಗೊಂದು ದಾಗೇಶ್. ಅಷ್ಟು ಸಲ ಬೇಕಾಗುವ ಗುರುತಿಗೆ ಬೆರಳು ಎತ್ತದೆ ಸಿಗುವ ಜಾಗ ಬೇಕು. ಹೀಬ್ರೂವಿಗೆ ಜ ಬೇಡ, ಜೆ ಕೀ ಖಾಲಿ ಇತ್ತು. ಎಫ್ ಮೇಲೆ, ಜೆ ಮೇಲೆ ಬೆರಳಿಗೆ ಸಿಗುವ ಸಣ್ಣ ಉಬ್ಬುಗೆರೆ ಇರುತ್ತದೆ. ಒಂದರಲ್ಲಿ ಶೆವಾ, ಇನ್ನೊಂದರಲ್ಲಿ ದಾಗೇಶ್. ಕಣ್ಣು ಹಸ್ತಪ್ರತಿಯ ಮೇಲೇ ಇಟ್ಟು ಹೊಡೆಯಬಹುದು.

ಬಿಲ್ಡ್ ಮಾಡುವ ಮುಂಚೆ ಟೆಸ್ಟ್ ಅಂತ ಒಂದು ಕಿಟಕಿ ಇದೆ, ಅಲ್ಲೇ ಹೊಡೆದು ನೋಡಬಹುದು. ಬಿಲ್ಡ್ ಆದ ಮೇಲೆ ಸೆಟಪ್ ಫೈಲು ಸಿಗುತ್ತದೆ. ಅದನ್ನು ಓಡಿಸಿ, ಸೈನ್ ಔಟ್ ಆಗಿ ಬಂದರೆ ಭಾಷೆಯ ಪಟ್ಟಿಯಲ್ಲಿ ನಿಮ್ಮ ಲೇಔಟ್ ಇರುತ್ತದೆ. ಒಂದು ಕೀ ಬದಲಿಸಿದರೂ ಹಳೆಯದನ್ನು ತೆಗೆದು ಹೊಸದು ಹಾಕಬೇಕು. ಇದು ರಗಳೆಯೇ. ನನ್ನ ಕನ್ನಡ ಟೈಪಿಂಗ್ ತಂತ್ರಾಂಶ ಹಿನ್ನೆಲೆಯಲ್ಲಿ ಆನ್ ಇದ್ದರೆ ಅದು ಮೊದಲೇ ಕೀಯನ್ನು ಹಿಡಿದುಬಿಡುತ್ತಿತ್ತು. ಹೀಬ್ರೂ ಹೊಡೆಯುವಾಗ ಅದನ್ನು ಆಫ್ ಮಾಡಿಕೊಳ್ಳಬೇಕು.

ಇಂಗ್ಲಿಷ್ ಅಕ್ಷರದ ಚುಕ್ಕಿ ಗೆರೆಗಳಿಗೆ ಇನ್ನೊಂದು ಲೇಔಟ್ ಮಾಡಿದೆ, ಇದು ಇಂಗ್ಲಿಷ್ ಇಂಡಿಯಾ ಹೆಸರಿನಲ್ಲಿ. ಇಲ್ಲಿ ಡೆಡ್ ಕೀ ಕೆಲಸಕ್ಕೆ ಬರುತ್ತದೆ. ಬಲಗಡೆಯ ಆಲ್ಟ್ ಜೊತೆ ಫುಲ್‌ಸ್ಟಾಪ್ ಒತ್ತಿದರೆ ಏನೂ ಮೂಡುವುದಿಲ್ಲ, ಮುಂದಿನ ಅಕ್ಷರ ಒತ್ತಿದಾಗ ಅದರ ಕೆಳಗೆ ಚುಕ್ಕಿ ಬರುತ್ತದೆ. ಹೈಫನ್ ಒತ್ತಿ ಸ್ವರ ಒತ್ತಿದರೆ ಮೇಲೆ ಗೆರೆ. ಈ ಚುಕ್ಕಿ ಗೆರೆಯ ಪದ್ಧತಿ ನಮ್ಮ ಕಡೆಗೆ ಹೊಸದೇನಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ ಅವರ ತುಳು ನಿಘಂಟು 1886ರದ್ದು, ಕಿಟೆಲ್ ಅವರ ಕನ್ನಡ ನಿಘಂಟು 1894ರದ್ದು. ಅಂಥ ಹಳೆಯ ಪುಸ್ತಕ ತಿರುಗಿಸಿದವರಿಗೆ ಈ ಗುರುತುಗಳ ಪರಿಚಯ ಇರುತ್ತದೆ. ಡೆಡ್ ಕೀಗೆ ಒಂದು ಮಿತಿ ಇದೆ: ಕೊನೆಗೆ ಹೊರಬರುವುದು ಒಂದೇ ಸಂಕೇತ ಆಗಿರಬೇಕು. ಚುಕ್ಕಿಯ ಟಿ, ಡಿ, ಎಲ್, ಎನ್ ಎಲ್ಲ ಯೂನಿಕೋಡಿನಲ್ಲಿ ಒಂಟಿ ಅಕ್ಷರಗಳಾಗಿಯೇ ಇವೆ. ಆದರೆ ನಮ್ಮ ಋಕಾರಕ್ಕೆ ಆರ್ ಕೆಳಗೆ ಸಣ್ಣ ಸೊನ್ನೆ ಇಡುವ ಪದ್ಧತಿ ಉಂಟಲ್ಲ, ಅದಕ್ಕೆ ಒಂಟಿ ಅಕ್ಷರ ಇಲ್ಲ. ಹಾಗಾಗಿ ಆ ಸೊನ್ನೆಯನ್ನೇ, ಅಂದರೆ 0325 ಸಂಖ್ಯೆಯ ಚಿಹ್ನೆಯನ್ನೇ, ಒಂದು ಕೀಗೆ ನೇರವಾಗಿ ಹಾಕಿದೆ. ಆರ್ ಹೊಡೆದ ಮೇಲೆ ಅದನ್ನು ಒತ್ತಬೇಕು.

ಲೇಔಟ್ ಸರಿಯಾದರೂ ಪುಟ ಸರಿಯಾಗಲಿಲ್ಲ. ನಮ್ಮ ಹಳೆಯ ಡಿಟಿಪಿ ತಂತ್ರಾಂಶಕ್ಕೆ ಯೂನಿಕೋಡ್ ಗೊತ್ತಿಲ್ಲ, ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಇಡೀ ಪ್ರಬಂಧವನ್ನು ಲಿಬ್ರೆಆಫೀಸ್ ರೈಟರಿಗೆ ತಂದೆ. ಅದರಲ್ಲಿ ಕನ್ನಡವೂ ಹೀಬ್ರೂವೂ ಒಂದೇ ಕಾಂಪ್ಲೆಕ್ಸ್ ಲಿಪಿಗಳ ಗುಂಪಿನಲ್ಲಿವೆ. ಒಂದಕ್ಕೆ ಫಾಂಟು ಹಾಕಿದರೆ ಇನ್ನೊಂದಕ್ಕೂ ಅದೇ ಬೀಳುತ್ತದೆ. ಹೀಬ್ರೂವಿಗೆ ಅಂತಲೇ ಒಂದು ಕ್ಯಾರೆಕ್ಟರ್ ಸ್ಟೈಲ್ ಮಾಡಿ ಎಸ್‌ಬಿಎಲ್ ಹೀಬ್ರೂ ಫಾಂಟು ಕೊಟ್ಟೆ. ಬೈಬಲ್ ಅಧ್ಯಯನದವರಿಗಾಗಿ ಮಾಡಿದ ಫಾಂಟು ಅದು, ಲಾಭಕ್ಕಲ್ಲದ ಕೆಲಸಕ್ಕೆ ಉಚಿತ. ದಾಗೇಶ್, ಸ್ವರ, ಶಿನ್ ಚುಕ್ಕಿ ಎಲ್ಲ ಒಂದೇ ಅಕ್ಷರಕ್ಕೆ ಬಂದರೂ ಒಂದರ ಮೇಲೊಂದು ಬೀಳದೆ ಕೂರುತ್ತವೆ. ಗಾತ್ರ ಮಾತ್ರ ಕನ್ನಡಕ್ಕಿಂತ ಸ್ವಲ್ಪ ದೊಡ್ಡದಿರಬೇಕು, ಇಲ್ಲದಿದ್ದರೆ ಪ್ರಿಂಟಿನಲ್ಲಿ ಶೆವಾದ ಎರಡು ಚುಕ್ಕಿ ಕೂಡಿ ಒಂದು ಗೆರೆಯಾಗುತ್ತದೆ. ಗೆರೆಯಾದರೆ ಅದು ಬೇರೆ ಗುರುತು ಅಂತ ಓದುವವರು ತಿಳಿಯಬಹುದು.

ಎಲ್ಲಕ್ಕಿಂತ ತಲೆ ತಿಂದದ್ದು ದಿಕ್ಕು. ಕನ್ನಡ ವಾಕ್ಯದ ನಡುವೆ ಒಂದೇ ಹೀಬ್ರೂ ಪದ ಇದ್ದರೆ ತೊಂದರೆ ಇಲ್ಲ. ಆ ಎಂಟು ಪದಗಳನ್ನು ಕಾಮಾ ಹಾಕಿ ಸಾಲಾಗಿ ಬರೆದ ವಾಕ್ಯ ಒಂದಿತ್ತು. ನಡುವೆ ಕನ್ನಡ ಇಲ್ಲವಾದ್ದರಿಂದ ಕಂಪ್ಯೂಟರು ಎಂಟನ್ನೂ ಒಂದೇ ಹೀಬ್ರೂ ತುಂಡು ಅಂತ ತಿಳಿದು ಬಲದಿಂದ ಜೋಡಿಸಿತು. ತೋರಾ ಬಲತುದಿಗೆ, ಇಮ್ರಾ ಎಡತುದಿಗೆ. ಎಡದಿಂದ ಓದುವ ಕನ್ನಡ ಓದುಗನಿಗೆ ಎಂಟನೆಯದ್ದು ಮೊದಲು ಸಿಗುತ್ತದೆ. ವಚನದ ಸಂಖ್ಯೆ ನಡುವೆ ಬಂದರೂ ಅದೇ ಕಥೆ. ಇದಕ್ಕೆ ಮದ್ದು ಕಣ್ಣಿಗೆ ಕಾಣದ ಒಂದು ಗುರುತು, ಇಲ್ಲಿಂದ ಎಡದಿಂದ ಬಲಕ್ಕೆ ಅಂತ ಹೇಳುವಂಥದ್ದು. ಪ್ರತಿ ಕಾಮಾದ ಹಿಂದೆ ಒಂದು ಹಾಕಿದರೆ ಸಾಲು ಸರಿಯಾಗುತ್ತದೆ. ಅದನ್ನೂ ಬಲಗಡೆಯ ಆಲ್ಟ್ ಜೊತೆ ಕಾಮಾ ಕೀಗೆ ಹಾಕಿಬಿಟ್ಟೆ. ಕಾಣದ ಅಕ್ಷರ ಅಂದರೆ ಕನ್ನಡದಲ್ಲಿ ಟೈಪ್ ಮಾಡುವವರು ಹೆದರಬೇಕಾಗಿಲ್ಲ. ರ್‍ಯಾಂಕ್ ಅಂತ ಸರಿಯಾಗಿ ಬರೆಯಲು ನಾವು ನಡುವೆ ಹಾಕುವುದೂ ಅಂಥದ್ದೇ.

ಇನ್ನೊಂದು ವಿಷಯ ಪಾಸ್ಟರು ಹುಡುಕುವಾಗ ಗೊತ್ತಾಯಿತು. ನಾನು ಬೇತ್, ದಾಗೇಶ್, ಶೆವಾ ಅಂತ ಹೊಡೆಯುತ್ತೇನೆ. ಅವರು ಬೇರೆ ಕಡೆಯಿಂದ ತಂದ ಪಠ್ಯದಲ್ಲಿ ಬೇತ್, ಶೆವಾ, ದಾಗೇಶ್ ಅಂತ ಇತ್ತು. ಯೂನಿಕೋಡಿನ ನಿಯಮದ ಕ್ರಮದಲ್ಲಿ ಸ್ವರ ಮೊದಲು, ದಾಗೇಶ್ ಆಮೇಲೆ. ಪುಟದಲ್ಲಿ ಎರಡೂ ಒಂದೇ ಥರ ಕಾಣುತ್ತದೆ, ಹುಡುಕಿದರೆ ಒಂದಕ್ಕೆ ಇನ್ನೊಂದು ಸಿಗುವುದಿಲ್ಲ. ಕೈಯ ಅಭ್ಯಾಸಕ್ಕೆ ನನ್ನ ಕ್ರಮವೇ ಸಲೀಸು, ಅದನ್ನು ಬದಲಿಸಲಿಲ್ಲ. ಅಂಟಿಸಿದ ಪದಗಳನ್ನೆಲ್ಲ ಅಳಿಸಿ ಹೊಸದಾಗಿ ಹೊಡೆದೆ.

ಕೆಲಸ ಮುಗಿದು ಬಿಲ್ಲು ಕೊಡುವಾಗ ಪಾಸ್ಟರು, "ಬಲದಿಂದ ಎಡಕ್ಕೆ ಹೊಡೆದರೆ ರೇಟು ಜಾಸ್ತಿಯಾ?" ಅಂತ ನಕ್ಕರು. ಜಾಸ್ತಿಯೇ ಹಾಕಿದ್ದೆ. ಆಮೇಲೆ ಅವರ ಲ್ಯಾಪ್‌ಟಾಪಿಗೂ ಆ ಲೇಔಟ್ ಬೇಕು ಅಂದರು. ಫೈಲಿನ ಒಂದು ಪ್ರತಿ ತೆಗೆದು, ಬೇರೆ ಹೆಸರು ಕೊಟ್ಟು, ಅದರಲ್ಲಿ ಕೋಫನ್ನು ಕ್ಯೂಗೆ ಹಾಕಿ ಕೊಟ್ಟೆ. ಹೊಡೆಯುವವರು ಅವರಾದರೆ ಕೀಬೋರ್ಡ್ ಅವರ ಬೆರಳಿಗೇ ಹೊಂದಬೇಕಲ್ವಾ.

ಈಗ ಮಾಡುವುದಾದರೆ ಕೀಮ್ಯಾನ್ ಅನ್ನುವ ಇನ್ನೊಂದು ಕೀಬೋರ್ಡ್ ತಂತ್ರಾಂಶ ಬಳಸಿಯೂ ಮಾಡಬಹುದು. ಅದರಲ್ಲಿ ನಿಯಮ ಬರೆಯಲು ಬರುತ್ತದೆ. ಹಿಂದೆ ಏನಿದೆ ನೋಡಿ ಮುಂದಿನ ಅಕ್ಷರ ಬದಲಿಸುವ ಹಾಗೆ ಮಾಡಿದರೆ ಕೊನೆಯ ಮೇಮ್, ನೂನ್ ತಾವಾಗಿ ಬರುವಂತೆಯೂ ಮಾಡಬಹುದು. ಆದರೆ ಗಿರಾಕಿಯ ಕಂಪ್ಯೂಟರಿಗೆ ಅದನ್ನೂ ಹಾಕಬೇಕು, ಕಲಿಸಬೇಕು. ಅಂಗಡಿಯ ಕೆಲಸಕ್ಕೆ ಹಳೆಯ ಲೇಔಟ್ ಕ್ರಿಯೇಟರೇ ನನಗೆ ಸಾಕು.

ಮೊನ್ನೆ ಒಬ್ಬರು ತುಳು ಲಿಪಿಯಲ್ಲಿ ಮನೆಯ ಹೆಸರು ಬೇಕು ಅಂತ ಬಂದಿದ್ದರು. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಅದರ ಅಕ್ಷರಗಳು ದೊಡ್ಡ ಸಂಖ್ಯೆಗಳ ಜಾಗದಲ್ಲಿರುವುದರಿಂದ ವಿಂಡೋಸಿಗೆ ಒಂದೊಂದೂ ಎರಡೆರಡು ಸಂಕೇತ. ಶಿನ್‌ಗೆ ಮಾಡಿದ ಹಾಗೆ ಒಂದೇ ಕೀಗೆ ಎರಡೂ ತುಂಬಿದರಾಯಿತು, ಡೆಡ್ ಕೀ ಮಾತ್ರ ಇಲ್ಲಿ ನಡೆಯುವುದಿಲ್ಲ. ಕ ಕೆಯಲ್ಲಿ, ಟ ಕ್ಯೂನಲ್ಲಿ, ಒತ್ತಿಗೆ ಎಫ್. ಲೇಔಟ್ ಅರ್ಧ ಆಗಿದೆ. ಬೋರ್ಡಿಗೆ ಹೊಂದುವ ದಪ್ಪ ಫಾಂಟು ಹುಡುಕುತ್ತಾ ಇದ್ದೇನೆ.